ಸೂಜಿ, ಹಾಳೆ ಮತ್ತು ನಾನು ಕಲಿಸದೆ ಬಿಟ್ಟ ಗಣಿತ



ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, 2020ರ ಮೇ ತಿಂಗಳ ಕೊನೆಯ ದಿನ ನಾನು ಸೇವೆಯಿಂದ ನಿವೃತ್ತಳಾದೆ. ಕೊರೊನಾದ ಕಾರಣ ಶಾಲೆಗೆ ಬೀಗ ಬಿದ್ದಿತ್ತು. ಹಾರವಿಲ್ಲ, ಶಾಲಿಲ್ಲ, ಬೀಳ್ಕೊಡುಗೆಯ ಭಾಷಣವಿಲ್ಲ. ಹೊತ್ತು ಕಳೆಯುವುದು ಹೇಗೆಂದು ತೋಚದೆ ಒಂದು ಮಧ್ಯಾಹ್ನ ಅಟ್ಟದ ಟ್ರಂಕನ್ನು ಇಳಿಸಿ ತೆರೆದಾಗ, ತಳದಲ್ಲಿ ಅಜ್ಜಿಯ ಚಂದ್ರಕಾಳಿ ಸೀರೆ ಸಿಕ್ಕಿತು. ಕಪ್ಪು ರೇಷ್ಮೆಯ ಮೇಲೆ ಬಿಳಿ, ಕೆಂಪು, ಹಳದಿ ದಾರಗಳ ಕಸೂತಿ. ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಹೊತ್ತ ಆನೆ. ಬಾಲ್ಯದಲ್ಲಿ ನೂರು ಸಲ ನೋಡಿದ್ದೆ. ಆದರೆ ಸೀರೆಯನ್ನು ತಿರುವಿ ಹಿಂಬದಿಯನ್ನು ನೋಡಿದ್ದು ಅಂದೇ ಮೊದಲು. ಗೋಪುರ ಅತ್ತಲೂ ಗೋಪುರವೇ ಆಗಿತ್ತು. ಒಂದೂ ಗಂಟಿಲ್ಲ, ಇಳಿಬಿದ್ದ ಒಂದು ದಾರವಿಲ್ಲ.

ಕಸೂತಿ ಎಂಬ ಮಾತನ್ನು ‘ಕೈ’ ಮತ್ತು ‘ಸೂತಿ’, ಅಂದರೆ ನೂಲು, ಎಂದು ಬಿಡಿಸಿ ಅರ್ಥ ಹೇಳುವುದು ವಾಡಿಕೆ. ಧಾರವಾಡ ಸೀಮೆ ಇದರ ತವರು. ಇಳಕಲ್ ಸೀರೆಯ ಒಡಲು, ಸೆರಗು ಮತ್ತು ಖಣದ ಕುಪ್ಪಸ ಇದರ ನೆಲ. ಮದುವೆಯ ಹೆಣ್ಣಿನ ಬಳಿ ಕಸೂತಿ ತೆಗೆದ ಒಂದು ಚಂದ್ರಕಾಳಿ ಸೀರೆ ಇರಲೇಬೇಕೆಂಬ ಪದ್ಧತಿ ನಮ್ಮ ಕಡೆ ಇತ್ತು. ಇದರಲ್ಲಿ ಹೊಲಿಗೆಗಳು ನಾಲ್ಕೇ: ಗವಂತಿ, ಮುರ್ಗಿ, ನೇಯ್ಗೆ, ಮೆಂಥೆ. ಗವಂತಿ ನೇರ ಗೆರೆಯದು. ಮುರ್ಗಿ ಮೆಟ್ಟಿಲಿನಂತೆ ಏರಿಳಿಯುವುದು. ನೇಯ್ಗೆ ಮಗ್ಗದಲ್ಲಿ ನೇಯ್ದಂತೆಯೇ ಕಾಣುವುದು. ಮೆಂಥೆ, ಮೆಂತ್ಯದ ಕಾಳು ಚೆಲ್ಲಿದಂತೆ ಅಡ್ಡಡ್ಡ ಹಾಯುವ ಹೊಲಿಗೆ. ಇವುಗಳಲ್ಲಿ ಗವಂತಿ ಮತ್ತು ಮುರ್ಗಿ ಎರಡೂ ಬದಿಗೆ ಒಂದೇ ರೂಪ ತೋರುತ್ತವೆ.

ಬಟ್ಟೆಯ ಮೇಲೆ ಮೊದಲು ಪೆನ್ಸಿಲ್ಲಿನಿಂದ ಚಿತ್ರ ಬರೆದು ಆಮೇಲೆ ಹೊಲಿಯುವ ಕ್ರಮ ಇದರಲ್ಲಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಚಿತ್ತಾರ ಬೆಳೆಯಬೇಕು. ನಾನು ಏಳನೆಯ ವಯಸ್ಸಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಸೂಜಿ ಹಿಡಿದಾಗ ಆಕೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. “ಬರೇ ಕಣ್ಣಂದಾಜಿಲೆ ಹೋಗಬ್ಯಾಡ, ಎಳಿ ಎಣಸು. ಎಣಿಕಿ ತಪ್ಪಿದ್ರ ಆನಿ ಹೋಗಿ ಹಂದಿ ಆಗ್ತದ.” ನನ್ನ ಆನೆ ಹಂದಿಯೇ ಆಯಿತು. ಶಾಲೆಯ ಪುಸ್ತಕದ ನೆಪ ಹೇಳಿ ನಾನು ಎದ್ದುಹೋದೆ. ಓದುವ ಹುಡುಗಿಗೆ ಹೊಲಿಗೆ ಏಕೆ ಎಂದು ಮನೆಯವರೂ ಸುಮ್ಮನಾದರು. ಓದು ಬೇರೆ, ಹೊಲಿಗೆ ಬೇರೆ ಎಂಬ ಆ ವಿಭಜನೆಯನ್ನು ನಾನು ಐವತ್ತು ವರ್ಷ ಪ್ರಶ್ನಿಸಲೇ ಇಲ್ಲ.

ಅಂದು ಬಿಟ್ಟ ಸೂಜಿಯನ್ನು ಅರವತ್ತರಲ್ಲಿ ಮತ್ತೆ ಹಿಡಿದೆ. ಗುರು ನಮ್ಮ ವೈನಿ. ಎಪ್ಪತ್ತು ದಾಟಿದ ಅವರು ಬೇರೆ ಊರಿನಲ್ಲಿದ್ದುದರಿಂದ ಪಾಠವೆಲ್ಲ ಫೋನಿನ ಪರದೆಯ ಮೇಲೆ. ದಿನಕ್ಕೊಂದು ಗೇಣು ಹೊಲಿದು, ಹೆಮ್ಮೆಯಿಂದ ಪರದೆಗೆ ಹಿಡಿದು ತೋರಿಸುತ್ತಿದ್ದೆ. ಅವರು ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. “ಮುಂದಿಂದು ಯಾರರ ಮಾಡ್ತಾರ. ಅರಬಿ ತಿರುವಿ ಹಿಂದಿಂದು ತೋರಸು” ಎನ್ನುತ್ತಿದ್ದರು. ತೋರಿಸಿದರೆ, ಎಲ್ಲಿ ಗಂಟು ಹಾಕಿದ್ದೇನೆ, ಎಲ್ಲಿ ಒಂದು ಎಳೆ ಹೆಚ್ಚು ದಾಟಿದ್ದೇನೆ ಎಂಬುದು ಅವರ ಕಣ್ಣಿಗೆ ಕೂಡಲೇ ಬೀಳುತ್ತಿತ್ತು. ಬಿಚ್ಚು ಎಂದರೆ ಬಿಚ್ಚಬೇಕು. ಮೊದಲ ಗೋಪುರವನ್ನು ಮೂರು ಸಲ ಬಿಚ್ಚಿದ್ದೇನೆ. ಉತ್ತರ ಸರಿಯಿದ್ದರೆ ಸಾಕು ಎಂದು ಅಂಕ ಕೊಟ್ಟು ರೂಢಿಯಾದವಳಿಗೆ, ಉತ್ತರದ ಹಿಂಬದಿಯನ್ನು ಪರೀಕ್ಷಿಸುವ ಗುರು ದೊರೆತದ್ದು ಅದೇ ಮೊದಲು.

ಗವಂತಿಯ ಮರ್ಮ ಹೀಗಿದೆ. ಸೂಜಿ ಒಂದು ಹೊಲಿಗೆಯನ್ನು ಮೇಲೆ, ಮುಂದಿನದನ್ನು ಕೆಳಗೆ ಹಾಕುತ್ತ ಚಿತ್ರದ ಗೆರೆಯುದ್ದಕ್ಕೂ ಸಾಗುತ್ತದೆ. ನಡುನಡುವೆ ಖಾಲಿ ಜಾಗ ಉಳಿಯುತ್ತದೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗುವಾಗ ಆ ಖಾಲಿಗಳೆಲ್ಲ ತುಂಬುತ್ತವೆ. ಕವಲು ಬಂದಲ್ಲಿ ಕವಲಿನ ತುದಿಯವರೆಗೆ ಹೋಗಿ ಮರಳಬೇಕು. ಎಲ್ಲಿ ಹೊರಟಿದ್ದಿರೋ ಸೂಜಿ ಅಲ್ಲಿಗೇ ಬಂದು ನಿಲ್ಲುತ್ತದೆ. ದಾರದ ಎರಡು ತುದಿಗಳು ಅಲ್ಲೇ ಹೊಲಿಗೆಯೊಳಗೆ ಅಡಗುತ್ತವೆ. ಗಂಟಿನ ಅಗತ್ಯವೇ ಬೀಳುವುದಿಲ್ಲ.

ಇದನ್ನು ಮಾಡುತ್ತಿದ್ದಾಗ ಒಂದು ಸಂಜೆ ನನ್ನ ಕೈ ನಿಂತಿತು. 1736ರಲ್ಲಿ ಗಣಿತಜ್ಞ ಆಯ್ಲರ್ ಬಿಡಿಸಿದ ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಸಮಸ್ಯೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಪ್ರತಿ ಸೇತುವೆಯನ್ನು ಒಂದೇ ಸಲ ದಾಟಿ ಹೊರಟಲ್ಲಿಗೆ ಮರಳಬೇಕಾದರೆ, ಪ್ರತಿಯೊಂದು ಸ್ಥಳದಲ್ಲಿ ಕೂಡುವ ದಾರಿಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕು. ಆ ಪಟ್ಟಣದಲ್ಲಿ ಹಾಗಿರಲಿಲ್ಲ, ಆದ್ದರಿಂದ ಅದು ಅಸಾಧ್ಯವಾಗಿತ್ತು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ನಡೆಯುವುದರಿಂದ ಪ್ರತಿ ಕೂಡುದಾಣದಲ್ಲಿ ದಾರಿಗಳ ಸಂಖ್ಯೆ ತಾನಾಗಿಯೇ ಸಮವಾಗುತ್ತದೆ. ಬಿಡಿ ತುಂಡುಗಳಿಲ್ಲದ ಯಾವ ಚಿತ್ತಾರವೇ ಆಗಲಿ, ಹೊರಟಲ್ಲಿಗೆ ಮರಳುವ ದಾರಿ ಅದರಲ್ಲಿ ಇದ್ದೇ ಇರುತ್ತದೆ. ದಾರಿ ಇದೆ ಎಂಬುದು ಆಯ್ಲರನ ಸಿದ್ಧಾಂತ. ಯಾವ ಕವಲನ್ನು ಮೊದಲು ಹಿಡಿಯಬೇಕೆಂಬುದು ಅಜ್ಜಿಯ ಬೆರಳಿನ ಲೆಕ್ಕ. ಎರಡನೆಯದು ನನಗೆ ಇನ್ನೂ ಪೂರ್ತಿ ಒಲಿದಿಲ್ಲ.

ಇದೇ ಹೊಲಿಗೆಯನ್ನು ಯುರೋಪಿನಲ್ಲಿ ‘ಹೋಲ್ಬೈನ್ ಹೊಲಿಗೆ’ ಎನ್ನುತ್ತಾರೆ. ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಶ್ರೀಮಂತರ ಕಾಲರು, ತೋಳಿನ ತುದಿಗಳ ಮೇಲೆ ಅದು ಕಾಣಿಸುವುದರಿಂದ ಆ ಹೆಸರು. ನೋಡಿ, ಹೊಲಿಗೆಗೆ ಹೆಸರು ಬಂದದ್ದು ಅದನ್ನು ಹೊಲಿದ ಹೆಂಗಸರಿಂದಲ್ಲ, ಚಿತ್ರಿಸಿದವನಿಂದ. ಕಲ್ಲಿನಲ್ಲಿ ಕೆತ್ತಿದ್ದು ಉಳಿಯುತ್ತದೆ, ಬಟ್ಟೆ ಜೀರ್ಣವಾಗುತ್ತದೆ. ಶಿಲ್ಪಿಗಳು ಶಿಲೆಯ ಮೇಲೆ ಹೆಸರು ಬರೆದುಕೊಂಡದ್ದುಂಟು. ಅಜ್ಜಿಯರು ಸೆರಗಿನ ಮೇಲೆ ಬರೆದುಕೊಳ್ಳಲಿಲ್ಲ. ಮನೆಯ ಕೈಗೆಲಸದ ಚರಿತ್ರೆ ನಮ್ಮ ಪಠ್ಯಪುಸ್ತಕಗಳಲ್ಲಿ ತೆಳುವಾಗಿರುವುದಕ್ಕೆ ಇದೂ ಒಂದು ಕಾರಣ. ಸ್ವಾತಂತ್ರ್ಯಾನಂತರ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಗಿ, ನಮ್ಮ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದನ್ನು ಮುನ್ನಡೆಸಿದರು. ಮುಂದೆ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಕಸೂತಿಯನ್ನು ನಾವು ‘ಕಲೆ’ ಎಂದು ಮನ್ನಿಸಿದೆವೇ ಹೊರತು ‘ಗಣಿತ’ ಎಂದು ಮನ್ನಿಸಲಿಲ್ಲ.

ಇನ್ನು ಹಾಳೆಯ ವಿಷಯ. ಎಣಿಕೆ ತಪ್ಪದಿರಲೆಂದು ನಾನು ಚೌಕುಳಿ ಹಾಳೆಯ ಮೇಲೆ ಚಿತ್ತಾರಗಳನ್ನು ಬರೆದುಕೊಳ್ಳುತ್ತಿದ್ದೆ. ಕೆಟ್ಟುಹೋದ ಹಾಳೆಗಳನ್ನು ಮೊಮ್ಮಗಳು ಎತ್ತಿಕೊಂಡು ದೋಣಿ, ಹಕ್ಕಿ, ನಕ್ಷತ್ರ ಎಂದು ಮಡಿಸುತ್ತ ಕೂಡುತ್ತಿದ್ದಳು. ಅವಳಿಗೆ ಏನಾದರೂ ಹೊಸದನ್ನು ಕಲಿಸೋಣವೆಂದು ಹುಡುಕುತ್ತಿದ್ದಾಗ ಕಂಪ್ಯೂಟರಿನಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತು. ಬರೆದವರು ಟಿ. ಸುಂದರರಾವ್. ಮದ್ರಾಸ್ ಪ್ರಾಂತದ ಸರ್ಕಾರಿ ಅಧಿಕಾರಿ. 1893ರಲ್ಲಿ ಮದ್ರಾಸಿನಲ್ಲಿ ಅಚ್ಚಾದ, ಹಾಳೆ ಮಡಿಸಿ ರೇಖಾಗಣಿತ ಕಲಿಯುವ ಇಂಗ್ಲಿಷ್ ಪುಸ್ತಕ ಅದು.

ಪುಸ್ತಕ ಬರೆಯಲು ತಮಗೆ ಪ್ರೇರಣೆಯಾದದ್ದು ಕಿಂಡರ್‌ಗಾರ್ಟನ್‌ನ ಹಾಳೆ ಮಡಿಸುವ ಆಟಿಕೆ ಎಂದು ಸುಂದರರಾಯರೇ ಹೇಳಿಕೊಂಡಿದ್ದಾರೆ. 1840ರಲ್ಲಿ ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣತಜ್ಞರು ತಮ್ಮ ಶಿಶುಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟದ್ದನ್ನು ನಾವು ಬಿ.ಎಡ್. ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ಅವರು ಪುಟ್ಟ ಮಕ್ಕಳಿಗೆಂದು ರೂಪಿಸಿದ ಚಟುವಟಿಕೆಗಳಲ್ಲಿ ಹಾಳೆ ಮಡಿಸುವುದು, ಕತ್ತರಿಸುವುದು, ಹೆಣೆಯುವುದು ಇದ್ದಂತೆಯೇ, ರಟ್ಟಿಗೆ ಚುಚ್ಚಿದ ತೂತುಗಳಲ್ಲಿ ಸೂಜಿ ದಾರ ಓಡಿಸುವ ಹೊಲಿಗೆಯೂ ಇತ್ತು. ಸೂಜಿಯೂ ಹಾಳೆಯೂ ಒಂದೇ ಪಾಠದ ಎರಡು ಪುಟಗಳಾಗಿದ್ದವು.

ಅಂಥ ಆಟಿಕೆಯ ಬಣ್ಣದ ಹಾಳೆಗಳಿಂದ ಸುಂದರರಾಯರು ಚೌಕ, ತ್ರಿಭುಜ, ಪಂಚಭುಜ, ಷಡ್ಭುಜಗಳನ್ನು ಮಡಿಸುತ್ತ ಹೋಗಿ ಪರವಲಯ, ದೀರ್ಘವೃತ್ತಗಳವರೆಗೂ ತಲಪಿದರು. ಜರ್ಮನಿಯ ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಉಪನ್ಯಾಸಗಳಲ್ಲಿ ಈ ಪುಸ್ತಕವನ್ನು ಉಲ್ಲೇಖಿಸಿದರು. ಅದನ್ನು ನೋಡಿದ ಅಮೆರಿಕದ ಬೀಮನ್ ಮತ್ತು ಸ್ಮಿತ್ ಎಂಬ ಪ್ರಾಧ್ಯಾಪಕರು 1901ರಲ್ಲಿ ಷಿಕಾಗೋದಿಂದ ಅದರ ಹೊಸ ಆವೃತ್ತಿಯನ್ನು ತಂದರು. ಮುಂದೆ 1936ರಲ್ಲಿ ಇಟಲಿಯ ಗಣಿತಜ್ಞೆ ಮಾರ್ಗರೀಟ ಬೆಲೋಕ್, ಅಳತೆಪಟ್ಟಿ ಕೈವಾರಗಳಿಂದ ಬಿಡಿಸಲಾಗದ ಕೆಲವು ಘನ ಸಮೀಕರಣಗಳನ್ನು ಹಾಳೆ ಮಡಿಸಿ ಬಿಡಿಸಬಹುದೆಂದು ತೋರಿಸಿದರು. ಮಕ್ಕಳಾಟವೆಂದು ನಾವು ಬದಿಗಿಟ್ಟದ್ದು ಕೈವಾರಕ್ಕಿಂತ ಬಲಶಾಲಿಯಾಗಿತ್ತು.

ಆ ಪುಸ್ತಕದಲ್ಲಿ ಸಮಬಾಹು ತ್ರಿಭುಜದ ಪಾಠವಿದೆ. ನೀವೂ ಮಾಡಿ ನೋಡಿ. ಚೌಕದ ಹಾಳೆಯನ್ನು ಎಡಬಲ ಸರಿಸಮ ಮಡಿಸಿ ಬಿಚ್ಚಿದರೆ ನಡುವೆ ನಿಲುವುಗೆರೆ ಮೂಡುತ್ತದೆ. ಈಗ ಕೆಳಗಿನ ಬಲಮೂಲೆಯನ್ನು ಎತ್ತಿ ಆ ನಡುಗೆರೆಯ ಮೇಲೆ ಕೂಡಿಸಿ. ಆದರೆ ಮಡಿಕೆ ಕೆಳಗಿನ ಎಡಮೂಲೆಯಿಂದಲೇ ಹಾಯಬೇಕು. ಮೂಲೆ ತಾಗಿದ ಜಾಗವೇ ತ್ರಿಭುಜದ ಶಿಖರ. ಕೆಳಗಿನ ಎರಡು ಮೂಲೆಗಳಿಗೆ ಅದನ್ನು ಸೇರಿಸಿದರೆ ಮೂರೂ ಬಾಹುಗಳು ಸಮ, ಮೂರೂ ಕೋನಗಳು 60 ಡಿಗ್ರಿ. ಏಕೆಂದು ನೀವೇ ಯೋಚಿಸಿ. ಗಣಿತದ ಟೀಚರ್ ಇಷ್ಟಾದರೂ ಕೇಳಬಾರದೇ?

ಈ ಚಿತ್ರವನ್ನು ನೋಡಿದಾಗ ನನಗೆ ಸಂತೋಷವಾಗಲಿಲ್ಲ. 1994ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಕೋನ ರಚನೆಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಕಂಪಾಸ್ ಪೆಟ್ಟಿಗೆ ತಂದಿರಲಿಲ್ಲ. ಸುಮ್ಮನೆ ಕೂಡದೆ ಹಾಳೆ ಹರಿದು ಏನೋ ಮಡಿಸುತ್ತಿದ್ದ. ನಾನು ಹತ್ತಿರ ಹೋದಾಗ ಹಿಗ್ಗಿನಿಂದ ಎದ್ದು ನಿಂತು, “ಮೇಡಂರೀ, ಕೈವಾರ ಇಲ್ದನ ಅರವತ್ತ ಡಿಗ್ರಿ ಬಂತ್ರಿ!” ಎಂದ. ಕೋನಮಾಪಕ ಇಟ್ಟು ನೋಡುವಷ್ಟು ಕುತೂಹಲವೂ ನನಗಾಗಲಿಲ್ಲ. ಹಾಳೆಯನ್ನು ಕಸಿದು ಮುದ್ದೆ ಮಾಡಿ ಎಸೆದು, ಅವನನ್ನು ತರಗತಿಯ ಹೊರಗೆ ನಿಲ್ಲಿಸಿದೆ. ಅವನು ಮತ್ತೆಂದೂ ನನ್ನ ತರಗತಿಯಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ.

ಕೈಗೆಲಸದ ಮೂಲಕವೇ ಪಾಠ ನಡೆಯಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದೇನೂ ಆಗಿರಲಿಲ್ಲ. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿಯವರು ಮಂಡಿಸಿದ್ದು, ಡಾ. ಜಾಕಿರ್ ಹುಸೇನರ ಸಮಿತಿ ಪಠ್ಯಕ್ರಮವಾಗಿ ರೂಪಿಸಿದ್ದು ಅದನ್ನೇ. 1964-66ರ ಕೊಠಾರಿ ಆಯೋಗ ಅದನ್ನು ‘ಕಾರ್ಯಾನುಭವ’ ಎಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದಿತು. ಪ್ರತಿ ಸಲ ಹೆಸರು ಉದ್ದವಾಯಿತು, ಕೆಲಸ ಮೊಟಕಾಯಿತು. ಕಸುಬಿನೊಳಗೆ ಪಾಠ ಇರಬೇಕಾಗಿತ್ತು. ವೇಳಾಪಟ್ಟಿಯಲ್ಲಿ ಅದು ವಾರದ ಒಂದು ಅವಧಿಯಾಗಿ ಕುಳಿತಿತು. ಆ ಅವಧಿಯನ್ನೂ ಎಸ್.ಎಸ್.ಎಲ್.ಸಿ. ಫಲಿತಾಂಶದ ಹೆಸರಿನಲ್ಲಿ ಗಣಿತಕ್ಕೆಂದು ಕೇಳಿ ಪಡೆಯುತ್ತಿದ್ದವಳು ನಾನೇ. ಸೂಜಿ, ಕತ್ತರಿ, ಬಣ್ಣದ ಹಾಳೆ ತಂದಿದ್ದ ನಿಮ್ಮಲ್ಲಿ ಅನೇಕರು ಮುಖ ಸಣ್ಣದು ಮಾಡಿಕೊಂಡು ಅವನ್ನು ಚೀಲದೊಳಗೆ ಇಟ್ಟದ್ದು ನನಗೆ ನೆನಪಿದೆ. ಆಗ ಫಲಿತಾಂಶಕ್ಕಾಗಿ ನನ್ನನ್ನು ಹೊಗಳುತ್ತಿದ್ದರು. ಗಣಿತಕ್ಕಾಗಿ ನಾನು ಗಣಿತವನ್ನೇ ಚೀಲದೊಳಗೆ ಇಡಿಸಿದ್ದೆ.

ಈಗ ಮನೆಯಲ್ಲಿ ಕುಳಿತು ಹೊಸ ಕೈಗೆಲಸ ಕಲಿಯಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗಿದೆ ಎಂದು ಬಲ್ಲೆ. ಕಲಿಯಿರಿ. ಹೆಚ್ಚಿನ ಖರ್ಚೇನೂ ಇಲ್ಲ. ಎಳೆಗಳು ಸ್ಪಷ್ಟವಾಗಿ ಕಾಣುವ ಒಂದು ಗೇಣು ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಒಂದು ಲಡಿ ದಾರ ಸಾಕು. ಮೊದಲ ದಿನ ನೇರ ಗೆರೆ, ಆಮೇಲೆ ಮೆಟ್ಟಿಲು, ಆಮೇಲೆ ಚೌಕ. ಗೋಪುರಕ್ಕೆ ಅವಸರ ಬೇಡ. ಹಾಳೆಯಾದರೆ ಹಳೆಯ ನೋಟ್‌ಬುಕ್ಕಿನದೇ ಆದೀತು. ತಪ್ಪಿದಲ್ಲಿ ಮುಂದೆ ಹೋಗದೆ ಬಿಚ್ಚಿ. ಮಕ್ಕಳು ಪಕ್ಕದಲ್ಲಿ ಕುಳಿತು ಏನನ್ನಾದರೂ ಮಡಿಸಿ ತಂದು ತೋರಿಸಿದರೆ, ಒಂದು ನಿಮಿಷ ನಿಂತು ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ.

ನನ್ನ ಆನೆ ಕಳೆದ ವರ್ಷ ಆನೆಯೇ ಆಯಿತು. ವೈನಿ ಹಿಂಬದಿಯನ್ನು ಬಹಳ ಹೊತ್ತು ನೋಡಿ, “ಅಡ್ಡಿಯಿಲ್ಲ” ಎಂದರು. ನನ್ನ ಬಿ.ಎಡ್. ಪದವಿಗಿಂತ ಆ ಒಂದು ಮಾತು ನನಗೆ ಹೆಚ್ಚು ಎನಿಸಿತು.

1994ರ ಆ ಹುಡುಗ ಈಗ ನಲವತ್ತು ದಾಟಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ ಒಂದು ಮಾತು ಹೇಳಬೇಕಾಗಿದೆ. ಮಗೂ, ಆ ಹಾಳೆಯಲ್ಲಿದ್ದದ್ದು ಸರಿಯಾದ ಉತ್ತರ. ನಿನ್ನ ಟೀಚರಿಗೆ ಅದನ್ನು ತಿದ್ದಿ ಅಂಕ ಕೊಡಲು ಮೂವತ್ತು ವರ್ಷ ತಡವಾಯಿತು.