ಗಡಿನಾಡಿನ ಸ್ಟುಡಿಯೊಗಳು ಉಳಿಸಿಕೊಟ್ಟ ಚರಿತ್ರೆ

ಕಾಸರಗೋಡಿನ ಚರಿತ್ರೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬೇಕಲದ ಕೋಟೆ, ಕುಂಬಳೆಯ ಅರಸುಮನೆತನ, ದೇವಸ್ಥಾನಗಳ ಶಾಸನ, 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ. ಇವೆಲ್ಲ ನಾಡಿನ ಚರಿತ್ರೆ. ಆದರೆ ನಮ್ಮ ನಮ್ಮ ಮನೆಗಳ ಚರಿತ್ರೆ ಎಲ್ಲಿದೆ? ಜಮೀನಿನ ಕಾಗದಗಳಲ್ಲಿ ಯಜಮಾನನ ಹೆಸರಿದೆ, ಮುಖವಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಗಂಡುಮಕ್ಕಳ ಹೆಸರುಗಳಿವೆ. ಹಿಂದಿನ ತಲೆಮಾರಿನ ಹೆಣ್ಣುಮಕ್ಕಳನ್ನು ಅಲ್ಲಿ ಹುಡುಕಿದರೆ ಸಿಗುವವರು ಕೆಲವೇ ಮಂದಿ. ಅಜ್ಜ, ಅಜ್ಜಿ, ಸೋದರಮಾವ, ಅತ್ತೆ, ನಾದಿನಿಯರೆಲ್ಲ ಒಟ್ಟಿಗೆ ಕಾಣಿಸುವ ದಾಖಲೆ ಒಂದೇ: ಮದುವೆಯ ದಿನ ತೆಗೆಸಿದ ಪಟ. ಅದನ್ನು ತೆಗೆದವರು ಪೇಟೆಯ ಸಣ್ಣ ಸ್ಟುಡಿಯೊದವರು. ಚರಿತ್ರಕಾರರೆಂದು ಅವರನ್ನು ಯಾರೂ ಕರೆದಿಲ್ಲ. ಆದರೆ ಅವರು ಮಾಡಿದ್ದು ಅದೇ ಕೆಲಸ.

ಛಾಯಾಚಿತ್ರ ಕಲೆ 1839ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾಯಿತು. ಹೆಚ್ಚು ತಡವಾಗದೆ ಅದು ಭಾರತವನ್ನೂ ತಲಪಿತು. 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಕಲ್ಕತ್ತೆ ಮತ್ತು ಮದರಾಸುಗಳಲ್ಲಿ ಛಾಯಾಗ್ರಾಹಕರ ಸಂಘಗಳು ಹುಟ್ಟಿದವು. ಆಗಿನ ಗಾಜಿನ ಫಲಕಕ್ಕೆ ಸ್ಥಳದಲ್ಲೇ ರಾಸಾಯನಿಕ ಹಚ್ಚಿ, ಅದು ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಆದ್ದರಿಂದ ಅದು ಅಧಿಕಾರಿಗಳ, ಅರಸರ, ದೊಡ್ಡ ಪಟ್ಟಣದವರ ವಿದ್ಯೆಯಾಗಿಯೇ ಉಳಿಯಿತು. ದಕ್ಷಿಣ ಕನ್ನಡ ಜಿಲ್ಲೆಯ ಮಟ್ಟಿಗೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಇಲ್ಲಿನ ಜನರ, ಮನೆಗಳ, ಕಸುಬುಗಳ ಚಿತ್ರಗಳನ್ನು ತೆಗೆದು ಕಳುಹಿಸಿದರು. ಅವು ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಗ್ರಹದಲ್ಲಿವೆ.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಒಣ ಫಲಕದ ವಿಧಾನವನ್ನು ಪ್ರಕಟಿಸಿದ ಬಳಿಕ ಸಂಗತಿ ಬದಲಾಯಿತು. ಸಿದ್ಧಫಲಕಗಳನ್ನು ಪೆಟ್ಟಿಗೆಯಲ್ಲಿ ಕೊಂಡು ತಂದು, ಬೇಕಾದಾಗ ಬಳಸಿ, ರಾತ್ರಿ ತೊಳೆಯಬಹುದಾಯಿತು. ಒಬ್ಬನೇ ಮನುಷ್ಯ ಒಂದು ಕೋಣೆಯಲ್ಲಿ ನಡೆಸಬಹುದಾದ ಉದ್ಯೋಗವಾಗಿ ಛಾಯಾಗ್ರಹಣ ಮಾರ್ಪಟ್ಟದ್ದು ಹೀಗೆ. 1907ರಲ್ಲಿ ರೈಲು ಕಾಸರಗೋಡಿನ ಮೂಲಕ ಮಂಗಳೂರಿನವರೆಗೆ ಓಡತೊಡಗಿದಾಗ ಇಂತಹ ಸರಕು ಮದರಾಸಿನಿಂದ ಬರಲು ದಾರಿಯೂ ಸುಗಮವಾಯಿತು.

ನನ್ನ ಬಾಲ್ಯದ 1960ರ ದಶಕದಲ್ಲಿ ನಮ್ಮ ಪೇಟೆಯ ಸ್ಟುಡಿಯೊ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಅರಮನೆಯ ಮೆಟ್ಟಿಲನ್ನೋ ಹೂದೋಟವನ್ನೋ ಬರೆದ ಪರದೆ, ಒಂದು ಮರದ ಕುರ್ಚಿ, ಗೋಡೆಗೆ ಕನ್ನಡಿ, ಬಾಚಣಿಗೆ, ಪೌಡರಿನ ಡಬ್ಬಿ, ಮೊಳೆಗೆ ತೂಗುಹಾಕಿದ ಒಂದು ಕೋಟು. ಆ ಒಂದೇ ಕೋಟು ಊರಿನ ಎಷ್ಟು ಮಂದಿ ಯುವಕರ ಮೈಮೇಲೆ ಪಟಕ್ಕೆ ಕುಳಿತಿತೋ! ಹಿಂದಿನದು ಕತ್ತಲೆ ಕೋಣೆ. ಕೆಂಪು ಬಲ್ಬು, ಮೆಟಾಲ್ ಮತ್ತು ಹೈಡ್ರೊಕ್ವಿನೋನ್ ಕಲಸಿದ ದ್ರಾವಣ, ಹೈಪೊ, ಬಾವಿಯ ನೀರು. ಹೈಪೊದಿಂದ ತೆಗೆದ ಪಟವನ್ನು ನೀರು ಬದಲಿಸಿ ಬದಲಿಸಿ ಚೆನ್ನಾಗಿ ತೊಳೆಯಬೇಕು. ಅವಸರ ಮಾಡಿದರೆ ಕೆಲವು ವರ್ಷಗಳಲ್ಲಿ ಪಟ ಹಳದಿಗಟ್ಟುತ್ತದೆ. ಅರುವತ್ತು ವರ್ಷವಾದರೂ ಕಪ್ಪುಬಿಳುಪು ಮಾಸದ ಪಟ ನಿಮ್ಮ ಮನೆಯಲ್ಲಿದ್ದರೆ, ಅದನ್ನು ತೊಳೆದಾತ ನೀರು ಸೇದಲು ಬೇಸರಪಡದವನೆಂದು ತಿಳಿಯಬೇಕು. ನೆಗೆಟಿವಿನ ಮೇಲೆ ಮೊನಚಾದ ಪೆನ್ಸಿಲಿನಿಂದ ತಿದ್ದಿ, ಮುಖದ ಸಿಡುಬಿನ ಕಲೆಗಳನ್ನು ಮರೆಮಾಡುವ ಕೈಚಳಕವೂ ಅವರಲ್ಲಿತ್ತು. ಹಳೆಯ ಪಟಗಳಲ್ಲಿ ನಮ್ಮ ಹಿರಿಯರ ಮುಖ ಅಷ್ಟು ನುಣುಪಾಗಿರುವುದರ ಗುಟ್ಟು ಇದು.

ಮದುವೆಯ ಕೆಲಸ ಇನ್ನೂ ಕಠಿಣ. 120 ಅಳತೆಯ ಒಂದು ರೋಲಿನಲ್ಲಿ ಚೌಕ ಚಿತ್ರಗಳು 12 ಮಾತ್ರ. ಫಿಲ್ಮು ವಿದೇಶದಿಂದ ಬರಬೇಕಾಗಿದ್ದ ಕಾಲ. ನಮ್ಮಂತೆಯೇ ಗಡಿನಾಡ ಕನ್ನಡಿಗರಿರುವ ನೀಲಗಿರಿಯಲ್ಲಿ, ಉದಕಮಂಡಲದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ 'ಇಂದು' ಹೆಸರಿನ ದೇಶೀ ಫಿಲ್ಮು ಬಂದಿತು. ಫ್ಲಾಶ್ ಬಲ್ಬು ಒಮ್ಮೆ ಬೆಳಗಿದರೆ ಮುಗಿಯಿತು. ಆದ್ದರಿಂದ ದಿಬ್ಬಣ ಬಂದದ್ದು, ಧಾರೆ ಎರೆದದ್ದು, ಮಾಂಗಲ್ಯಧಾರಣೆ, ಮದುಮಕ್ಕಳ ಜೋಡಿ, ಎರಡೂ ಮನೆಯವರ ಗುಂಪು ಎಂದು ಒಂದೊಂದನ್ನೂ ಲೆಕ್ಕಹಾಕಿ ತೆಗೆಯಬೇಕಿತ್ತು. ಆಯ್ಕೆ ಬಿಗಿಯಾಗಿದ್ದುದರಿಂದಲೇ ಆ ಹನ್ನೆರಡು ಚಿತ್ರಗಳಿಗೆ ತೂಕವಿದೆ.

ಆ ಗುಂಪುಚಿತ್ರಗಳನ್ನು ಓದಲು ಕಲಿಯಬೇಕು. ಕುರ್ಚಿಯಲ್ಲಿ ಕುಳಿತವರು ಯಾರು, ಹಿಂದೆ ನಿಂತವರು ಯಾರು, ನೆಲದ ಮೇಲೆ ಚಾಪೆಯಲ್ಲಿ ಕೂತ ಮಕ್ಕಳು ಯಾರು ಎಂಬುದರಲ್ಲಿ ಮನೆತನದ ಸ್ಥಾನಮಾನವೆಲ್ಲ ಇದೆ. ಯಾರು ಇಲ್ಲ ಎಂಬುದೂ ಅಷ್ಟೇ ಮುಖ್ಯ. ಮಗಳನ್ನು ಸಾಕಿ ಬೆಳೆಸಿದ ವಿಧವೆ ತಾಯಿ ಎಷ್ಟೋ ಚಿತ್ರಗಳಲ್ಲಿ ಇಲ್ಲ. ಶುಭಕಾರ್ಯದಲ್ಲಿ ಆಕೆ ಒಳಗಿನ ಕೋಣೆಯಲ್ಲಿದ್ದಳು. ಚಪ್ಪರ ಹಾಕಿದವರು, ಅಡುಗೆಯವರು, ಪಾತ್ರೆ ತೊಳೆದವರು ಚೌಕಟ್ಟಿನ ಅಂಚಿನಲ್ಲಿ ಅರೆಬರೆಯಾಗಿ ಮಾತ್ರ ಕಾಣುತ್ತಾರೆ. ಪಟ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯದಿಂದ ದೂರ ಉಳಿದ ಹಿರಿಯರೂ ಇದ್ದರು. ಅಂತಹವರು ತೀರಿಕೊಂಡಾಗ ಮನೆಯವರು ಯಾವುದೋ ಮದುವೆಯ ಗುಂಪುಚಿತ್ರ ಹಿಡಿದು ಸ್ಟುಡಿಯೊಗೆ ಓಡುತ್ತಿದ್ದರು. ಮೂಲೆಯಲ್ಲಿ ನಿಂತ ಆ ಸಣ್ಣ ಮುಖವನ್ನು ಬಿಡಿಸಿ, ದೊಡ್ಡದು ಮಾಡಿ, ಕುಂಚದಿಂದ ತಿದ್ದಿ ಕೊಟ್ಟರೆ ಅದಕ್ಕೆ ಗೋಡೆಯ ಮೇಲೆ ಮಾಲೆ ಬೀಳುತ್ತಿತ್ತು. ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಇರುವ ಒಂದೇ ಮುಖ ಹೀಗೆ ಇನ್ನೊಬ್ಬರ ಮದುವೆಯಿಂದ ಎರವಲು ಬಂದದ್ದು.

ಜೀವನೋಪಾಯವಾಗಿ ನೋಡಿದರೆ ಇದು ಋತುಮಾನದ ಕೆಲಸ. ಮುಹೂರ್ತಗಳಿರುವ ತಿಂಗಳುಗಳಲ್ಲಿ ನಿದ್ದೆಯಿಲ್ಲ. ಆಟಿಯಲ್ಲಿ ಮದುವೆಯೂ ಇಲ್ಲ, ಬಿಸಿಲೂ ಇಲ್ಲ. ಮಳೆಗಾಲದ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದರು. ವರ್ಷದ ಕೊನೆಗೆ ಶಾಲೆಗಳ ತರಗತಿ ಚಿತ್ರಗಳು ಕೈಹಿಡಿಯುತ್ತಿದ್ದವು. 1970ರ ದಶಕದಲ್ಲಿ ಗಲ್ಫ್ ನಾಡುಗಳ ದಾರಿ ತೆರೆದಾಗ ಪಾಸ್‌ಪೋರ್ಟ್ ಅಳತೆಯ ಚಿತ್ರಗಳು ಈ ಉದ್ಯೋಗಕ್ಕೆ ಹೊಸ ಜೀವ ಕೊಟ್ಟವು. ಮಗು ಹುಟ್ಟಿದಾಗ ದೂರದ ತಂದೆಗೆ ಕಳುಹಿಸಲು ತಾಯಿ–ಮಗುವಿನ ಪಟ ತೆಗೆಸುವ ರೂಢಿಯೂ ಆಗಲೇ ಬೆಳೆಯಿತು.

ನಾನು ಚೆನ್ನಾಗಿ ಬಲ್ಲ ಹಳೆಯ ಛಾಯಾಗ್ರಾಹಕರೊಬ್ಬರು ತಮ್ಮಲ್ಲಿ ಕಲಿಯಲು ಬಂದ ಹುಡುಗರಿಗೆ ಕೆಲವು ಮಾತು ಹೇಳುತ್ತಿದ್ದರು. ದರ, ಪ್ರತಿಗಳ ಸಂಖ್ಯೆ, ಕೊಡುವ ದಿನ ಇವನ್ನು ಮೊದಲೇ ಬರೆದು ಅರ್ಧ ಹಣ ಮುಂಗಡ ಪಡೆಯಬೇಕು. ಮದುವೆ ಮುಗಿದ ಮರುದಿನ ಆ ಮನೆಯವರಿಗೆ ಬೇರೆ ಸಾಲಗಳು ನೆನಪಾಗುತ್ತವೆ. ಮುನ್ನಾದಿನವೇ ಚಪ್ಪರಕ್ಕೆ ಹೋಗಿ ಬೆಳಕು ಯಾವ ಕಡೆಯಿಂದ ಬರುತ್ತದೆಂದು ನೋಡಿಕೊಳ್ಳಬೇಕು. ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯರನ್ನು ಹತ್ತಿರ ಇಟ್ಟುಕೊಂಡು ಯಾರು ಏನಾಗಬೇಕೆಂದು ಕೇಳಿಕೊಳ್ಳಬೇಕು. ಸೋದರಮಾವನನ್ನು ಬಿಟ್ಟ ಪಟಕ್ಕೆ ಹಣ ಹುಟ್ಟುವುದಿಲ್ಲ. ಮುಹೂರ್ತ ನಮಗಾಗಿ ಕಾಯುವುದಿಲ್ಲ, ಪುರೋಹಿತರನ್ನು ನಿಲ್ಲಿಸಕೂಡದು. ಎಲ್ಲಕ್ಕಿಂತ ಮುಖ್ಯ, ಯಾರೂ ಕೇಳದಿದ್ದರೂ ಮನೆಯ ಅತಿ ಹಿರಿಯರ ಬಿಡಿ ಪಟವೊಂದನ್ನು ತೆಗೆದಿಡಬೇಕು. ಒಂದು ದಿನ ಅದನ್ನು ಕೇಳಿಕೊಂಡು ಬಂದೇ ಬರುತ್ತಾರೆ. ಪ್ರತಿ ನೆಗೆಟಿವನ್ನೂ ಕಾಗದದ ಲಕೋಟೆಗೆ ಹಾಕಿ, ಸಂಖ್ಯೆ ಕೊಟ್ಟು, ದಿನವಹಿಯಲ್ಲಿ ಮನೆ, ಊರು, ತಾರೀಕು ಬರೆಯುವುದು ಅವರ ಕ್ರಮ. ವ್ಯಾಪಾರಕ್ಕಾಗಿ ಇಟ್ಟ ಆ ದಿನವಹಿಯಲ್ಲಿ ಒಂದು ಪೇಟೆಯ ಸುತ್ತಲಿನ ಅರ್ಧ ಶತಮಾನದ ಮದುವೆಗಳ ಪಟ್ಟಿಯೇ ಇದೆ.

ಅಂತಹ ಎಷ್ಟು ದಿನವಹಿಗಳು ಈಗ ಉಳಿದಿವೆ? ಬಣ್ಣದ ಫಿಲ್ಮು ಬಂದಾಗ ಕತ್ತಲೆ ಕೋಣೆಗೆ ಬೀಗ ಬಿತ್ತು. ರೋಲುಗಳು ಬಸ್ಸಿನಲ್ಲಿ ಮಂಗಳೂರಿನ ಲ್ಯಾಬಿಗೆ ಹೋಗತೊಡಗಿದವು. ಡಿಜಿಟಲ್ ಕ್ಯಾಮೆರಾ, ಬಳಿಕ ಮೊಬೈಲು ಬಂದವು. ಅಮೆರಿಕದ ಕೊಡಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು; ಉದಕಮಂಡಲದ ಕಾರ್ಖಾನೆಯೂ ಮುಚ್ಚಿತು. ಸಣ್ಣ ಸ್ಟುಡಿಯೊಗಳು ಜೆರಾಕ್ಸ್, ಲ್ಯಾಮಿನೇಶನ್ ಅಂಗಡಿಗಳಾದವು, ಇಲ್ಲವೇ ಇಲ್ಲವಾದವು. ಹಳೆಯ ಗಾಜಿನ ಫಲಕಗಳನ್ನು ತೊಳೆದು ಬರಿಯ ಗಾಜಾಗಿ ಬಳಸಿದ್ದುಂಟು. ನೆಗೆಟಿವುಗಳು ಗುಜರಿಗೆ ಹೋದದ್ದುಂಟು.

ಗಡಿನಾಡಿನ ನಮಗೆ ಈ ನಷ್ಟ ಇಮ್ಮಡಿಯಾದುದು. ಎಲ್ಲ ಮದುವೆಗಳ ನೋಂದಣಿಗೆ ಕೇರಳದಲ್ಲಿ ಸಾಮಾನ್ಯ ನಿಯಮ ಬಂದದ್ದು 2008ರಲ್ಲಿ. ಅದಕ್ಕೂ ಹಿಂದಿನ ಬಹುಪಾಲು ಮದುವೆಗಳಿಗೆ ಲಗ್ನಪತ್ರಿಕೆ ಮತ್ತು ಪಟವೇ ಸಾಕ್ಷಿ. ಕಚೇರಿಯ ಕಾಗದಗಳಲ್ಲಿ ನಮ್ಮ ಹೆಸರುಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ದಾಖಲಾಗುವಾಗ ಮನೆಯ ಹೆಸರು, ಅಜ್ಜಿಯ ಹೆಸರು ರೂಪ ಬದಲಿಸಿಕೊಳ್ಳುತ್ತವೆ. ಆ ಹೆಸರುಗಳು ನಾವು ಕರೆಯುವಂತೆಯೇ, ನಮ್ಮ ಲಿಪಿಯಲ್ಲಿಯೇ ಉಳಿಯಬಹುದಾದ ಒಂದು ಜಾಗ ಮನೆಯ ಹಳೆಯ ಪಟದ ಬೆನ್ನು. ಅದು ಬಹುತೇಕ ಖಾಲಿಯಾಗಿಯೇ ಇದೆ. ಮುಖ ಗುರುತಿಸಬಲ್ಲವರು ಎಂಬತ್ತು ತೊಂಬತ್ತರ ಹಿರಿಯರು. ಅವರು ಹೋದ ಮರುದಿನ ಅದು ಯಾರದ್ದೋ ಮದುವೆಯ ಪಟವಾಗುತ್ತದೆ.

ಆದುದರಿಂದ ಸಂಘದ ಬಂಧುಗಳಲ್ಲಿ ಈ ಹಳೆಯ ಮಾಸ್ತರನ ವಿನಂತಿ. ಬರುವ ಮಳೆಗಾಲಕ್ಕೆ ಮೊದಲು ಆಲ್ಬಮ್ಮುಗಳನ್ನು ಹೊರತೆಗೆಯಿರಿ. ಅಂಟು ಹಾಳೆಯ ಆಲ್ಬಮ್ಮಿನಲ್ಲಿರುವ ಪಟಗಳು ಸುಲಭವಾಗಿ ಬಿಟ್ಟುಬಂದರೆ ತೆಗೆದು ಕಾಗದದ ಲಕೋಟೆಗಳಲ್ಲಿಡಿ. ಬಾರದಿದ್ದರೆ ಎಳೆಯದೆ, ಇದ್ದಂತೆಯೇ ಚಿತ್ರ ತೆಗೆದುಕೊಳ್ಳಿ. ಮನೆಯ ಹಿರಿಯರ ಪಕ್ಕದಲ್ಲಿ ಮೊಮ್ಮಕ್ಕಳನ್ನು ಕುಳ್ಳಿರಿಸಿ, ಎಡದಿಂದ ಬಲಕ್ಕೆ ಸಾಲುಸಾಲಾಗಿ ಹೆಸರು, ಸಂಬಂಧ, ಊರು, ವರ್ಷ ಕೇಳಿ ಬರೆಸಿರಿ. ಬಾಲ್‌ಪೆನ್ನಿನ ಒತ್ತು ಮುಖದ ಮೇಲೆ ಮೂಡುತ್ತದೆ; ಹಳೆಯ ಕಾಗದಕ್ಕೆ ಮೆದು ಪೆನ್ಸಿಲು ಸಾಕು. ಅಂಚಿನಲ್ಲಿ ಅರೆಬರೆ ಕಾಣುವವರ ಹೆಸರನ್ನೂ, ಚಿತ್ರದಲ್ಲಿಲ್ಲದ ಆ ತಾಯಿಯ ಹೆಸರನ್ನೂ ಬಿಡಬೇಡಿ. ಪ್ರತಿ ಮಾಡಿಸಿ ಇನ್ನೊಂದು ಮನೆಯಲ್ಲಿಯೂ ಇಡಿ. ಇಂದಿನ ಮದುವೆಗಳ ಸಾವಿರಾರು ಮೊಬೈಲ್ ಚಿತ್ರಗಳಲ್ಲಿ ಹನ್ನೆರಡನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿರಿ. ಮುಚ್ಚಿದ ಸ್ಟುಡಿಯೊದ ಮನೆಯವರು ನಿಮ್ಮ ನೆರೆಯಲ್ಲಿದ್ದರೆ, ಅಟ್ಟದ ಮೇಲಿನ ನೆಗೆಟಿವ್ ಪೆಟ್ಟಿಗೆಯನ್ನೂ ದಿನವಹಿಯನ್ನೂ ಗುಜರಿಗೆ ಹಾಕದಂತೆ ಅವರಲ್ಲಿ ಕೇಳಿಕೊಳ್ಳಿರಿ. ಶಾಲೆಯ ಮಕ್ಕಳಿಗೂ ಇದು ಒಳ್ಳೆಯ ಕನ್ನಡ ಪಾಠ. ಹೆಸರು ಬರೆಯುತ್ತ ಬರೆಯುತ್ತ ಸಂಬಂಧಗಳ ಪದಗಳನ್ನೂ ಅವರು ಕಲಿಯುತ್ತಾರೆ.