ಜಾಲಿ ಮುಳ್ಳು, ಸೈಕಲ್ ಟೈರು

ನಮ್ಮ ನಿರ್ಣಾ ಕಡೆ ಸೈಕಲ್ ಹೊಡೆದವರಿಗೆ ಗೊತ್ತು, ಹೊಲದ ದಾರಿಯಲ್ಲಿ ಟೈರಿನ ಶತ್ರು ಕಲ್ಲಲ್ಲ, ಜಾಲಿ ಮುಳ್ಳು.

ಮೊದಲು ಈ ತಾಪತ್ರಯವೇ ಇರಲಿಲ್ಲ ನೋಡಿ. ಹಳೇ ಸೈಕಲ್‌ಗಳಿಗೆ ನಮ್ಮ ಎತ್ತಿನ ಬಂಡಿಯ ಹಾಗೆ ಕಟ್ಟಿಗೆ ಗಾಲಿ, ಕಬ್ಬಿಣದ ಪಟ್ಟಿ. ಆಮೇಲೆ ಗಟ್ಟಿ ರಬ್ಬರು. ಗಾಳಿ ಟೈರಿಗೆ 1845ರಲ್ಲೇ ಥಾಮ್ಸನ್ ಪೇಟೆಂಟ್ ಪಡೆದಿದ್ದ, ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಮತ್ತೆ ಪೇಟೆಂಟ್ ಮಾಡಿಸಿದ. ಆತ ದನದ ಡಾಕ್ಟರು! ಅವನ ಟೈರು ಗಾಲಿಗೆ ಅಂಟಿಕೊಂಡೇ ಇರುತ್ತಿತ್ತು, ಪಂಚರ್ ತೆಗೆಯುವುದು ದೊಡ್ಡ ರಗಳೆ. ಬಿಚ್ಚಿ ಹಾಕುವ ಟೈರು ತಂದವರು ಮಿಶೆಲಿನ್ ಸೋದರರು, 1891ರಲ್ಲಿ.

ನಮ್ಮಲ್ಲಿ ಓಡಿದ್ದು 28 ಇಂಚಿನ ಕರಿ ಟೈರು. ಮುಳ್ಳಿಗೆ ಮದ್ದು? ಹಳೇ ಟ್ಯೂಬು ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸುವುದು. ಅಮೆರಿಕದ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ಕೆವ್ಲಾರ್ ನಾರು ದುಬಾರಿ ಟೈರುಗಳಲ್ಲಿ ಇವತ್ತು ಮಾಡುವ ಕೆಲಸವೂ ಇದೇ.

2006-07ರಲ್ಲಿ ಎಂಟನೇ ತರಗತಿಗೆ ಸರ್ಕಾರಿ ಸೈಕಲ್ ಬಂದಾಗ, ದೂರದ ಹುಡುಗಿಯೊಬ್ಬಳು ಹೈಸ್ಕೂಲು ಮುಟ್ಟುವುದು ಒಂದು ಮುಳ್ಳಿನ ಮೇಲೆ ನಿಂತಿತು. ದುಬಾರಿ ಟೈರು ಎಲ್ಲರಿಗೂ ಆಗದು. ನನ್ನ ಕೇಳಿದರೆ, ಮಧ್ಯದ ರಬ್ಬರು ದಪ್ಪಗಿರುವ ಟೈರು, ಒಳಗೆ ಹಳೇ ಟ್ಯೂಬು. ಪಂಚರ್ ಹಾಕಿಸಿದ ಮೇಲೆ ಟೈರಿನೊಳಗೆ ಮೆಲ್ಲಗೆ ಬೆರಳಾಡಿಸಿ ನೋಡಿ, ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿರುತ್ತೆ.