ಒಂಟಿ ತಾಯಂದಿರಿಗೆ ಆಸರೆ: ಕಾಸರಗೋಡಿನಲ್ಲಿ ಅಯಲ್‌ಕೂಟದಿಂದ ಸ್ವಉದ್ಯೋಗದವರೆಗೆ

ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ಮೇಲೆ ಮಕ್ಕಳೊಂದಿಗೆ ತವರಿಗೆ ಮರಳುವ ಹೆಣ್ಣುಮಕ್ಕಳು ಗಡಿನಾಡಿನ ಎಲ್ಲ ಊರುಗಳಲ್ಲೂ ಇದ್ದಾರೆ. ಮಂಜೇಶ್ವರ, ಕಾಸರಗೋಡು ಕಡೆ ಇಂಥವರಲ್ಲಿ ಹಲವರಿಗೆ ಬಹುಕಾಲ ಅನ್ನ ಕೊಟ್ಟದ್ದು ಬೀಡಿ. ಮಗುವನ್ನು ಪಕ್ಕದಲ್ಲಿ ಮಲಗಿಸಿ ಮನೆಯಲ್ಲೇ ಮಾಡಬಹುದಾದ ಕೆಲಸವದು. ಈಗ ಆ ಕೆಲಸ ಕಡಿಮೆಯಾಗಿದೆ. ಬೇರೆ ದಾರಿಗಳು ಕೇರಳದಲ್ಲಿ ಸಾಕಷ್ಟಿವೆ. ಆದರೆ ಹಲವರು ಮೊದಲು ಸಾಲಕ್ಕೆ ಓಡುತ್ತಾರೆ. ಕೆಲಸ ಕಲಿಯದೆ ಹೊಲಿಗೆ ಯಂತ್ರ ತಂದರೆ ಯಂತ್ರ ಮೂಲೆ ಸೇರುತ್ತದೆ, ಕಂತು ಮಾತ್ರ ಉಳಿಯುತ್ತದೆ.

ಮೊದಲ ಮೆಟ್ಟಿಲು ಕುಟುಂಬಶ್ರೀ. 1998ರ ಮೇ 17ರಂದು ಮಲಪ್ಪುರಂನಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದ ಯೋಜನೆಯಿದು. ನೆರೆಕರೆಯ 10ರಿಂದ 20 ಮಹಿಳೆಯರು ಸೇರಿದರೆ ಒಂದು ಅಯಲ್‌ಕೂಟ. ಅದರ ಮೇಲೆ ವಾರ್ಡಿಗೆ ಎ.ಡಿ.ಎಸ್., ಪಂಚಾಯತಿಗೆ ಸಿ.ಡಿ.ಎಸ್. ಕೂಟದಲ್ಲಿ ಉಳಿಸಿದ ಹಣದಿಂದಲೇ ಔಷಧಿಗೆ, ಶಾಲೆಯ ಖರ್ಚಿಗೆ ಸಣ್ಣ ಸಾಲ ಸಿಗುತ್ತದೆ. ಹಣಕ್ಕಿಂತ ಹೆಚ್ಚಿನದು ಪರಿಚಯ. ಕಚೇರಿಗೆ ಹೋಗುವ ದಿನ ಮಗುವನ್ನು ನೋಡಿಕೊಳ್ಳುವವರು, ಯಾವ ಮೇಜಿನಲ್ಲಿ ಯಾವ ಕಾಗದ ಎಂದು ಹೇಳುವವರು ಅಲ್ಲಿಯೇ ಸಿಗುತ್ತಾರೆ. ಒಂದು ತೊಡಕಿದೆ: ಕೂಟದಲ್ಲಿ ಮನೆಗೊಬ್ಬರಿಗೆ ಮಾತ್ರ ಸ್ಥಾನ. ತವರಿನಲ್ಲಿ ತಾಯಿಯೋ ಅತ್ತಿಗೆಯೋ ಮೊದಲೇ ಸದಸ್ಯೆಯಾಗಿರುತ್ತಾರೆ. 2021ರಲ್ಲಿ 18ರಿಂದ 40 ವರ್ಷದವರಿಗಾಗಿ ಆರಂಭವಾದ ಉಪಕೂಟಗಳು, ಅಂದರೆ ಆಕ್ಸಿಲರಿ ಗ್ರೂಪ್‌ಗಳು, ಮರಳಿ ಬಂದ ಮಗಳಿಗೂ ಬಾಗಿಲು ತೆರೆದಿವೆ.

ಗಂಡ ಬದುಕಿದ್ದೂ ಕೈಬಿಟ್ಟಿದ್ದರೆ ಜೀವನಾಂಶ ಕೇಳುವ ಹಕ್ಕಿದೆ. 2024ರ ಜುಲೈ 1ರಿಂದ ಹಳೆಯ 125ನೇ ಸೆಕ್ಷನ್ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಜಾರಿಯಲ್ಲಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ಇದು ಗೊತ್ತಿಲ್ಲದೆ ಒಡವೆ ಅಡವಿಟ್ಟು ಕೇಸು ನಡೆಸುವವರಿದ್ದಾರೆ.

ಕಸುಬು ಕಲಿಯಲು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಇವುಗಳ ಮೂಲ ಕನ್ನಡ ನಾಡಿನಲ್ಲಿದೆ. 1982ರಲ್ಲಿ ಧರ್ಮಸ್ಥಳ ಸಮೀಪದ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿಯ ಮಾದರಿಯನ್ನೇ ಕೇಂದ್ರ ಸರಕಾರ ಬ್ಯಾಂಕುಗಳ ಮೂಲಕ ದೇಶದ ಜಿಲ್ಲೆಗಳಿಗೆ ಹಬ್ಬಿಸಿತು. ಕಾಸರಗೋಡು ಜಿಲ್ಲೆಯ ಸಂಸ್ಥೆ ಇರುವುದು ಕಾಞಂಗಾಡು ಬಳಿಯ ವೆಳ್ಳಿಕೋತ್‌ನಲ್ಲಿ. ಹೊಲಿಗೆ, ಆಹಾರ ತಯಾರಿ, ಬ್ಯೂಟಿ ಪಾರ್ಲರ್ ಮುಂತಾದವು ಇಂಥ ಸಂಸ್ಥೆಗಳಲ್ಲಿ ಕಲಿಸುವ ಕಸುಬುಗಳು. ತರಬೇತಿ, ಊಟ ಉಚಿತ. ಮುಗಿದ ಮೇಲೂ ಸಂಸ್ಥೆ ಸಂಪರ್ಕದಲ್ಲಿದ್ದು ಬ್ಯಾಂಕ್ ಸಾಲಕ್ಕೆ ನೆರವಾಗುತ್ತದೆ.

ತರಬೇತಿಗೆ ಹೋಗಲು ಮಗುವನ್ನು ಎಲ್ಲಿ ಬಿಡುವುದು ಎಂಬುದೇ ದೊಡ್ಡ ಪ್ರಶ್ನೆ. ಎಣ್ಮಕಜೆಯಂಥ ಎಂಡೋಸಲ್ಫಾನ್ ಬಾಧಿತ ಪಂಚಾಯತ್‌ಗಳಲ್ಲಿ ಇದು ಇನ್ನೂ ಕಠಿಣ. ಅಂಗವೈಕಲ್ಯವಿರುವ ಮಗುವನ್ನು ಬಿಟ್ಟು ತಾಯಿ ಪೇಟೆಗೂ ಹೋಗುವಂತಿಲ್ಲ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಸ್ಥಳೀಯಾಡಳಿತ ಮತ್ತು ಕುಟುಂಬಶ್ರೀ ಸೇರಿ ನಡೆಸುವ ಬಡ್ಸ್ ಶಾಲೆಗಳು ಮಕ್ಕಳಿಗೆ ಎಷ್ಟು ಮುಖ್ಯವೋ ತಾಯಂದಿರ ದುಡಿಮೆಗೂ ಅಷ್ಟೇ ಮುಖ್ಯ. ಶಾಲೆಯ ವಾಹನ ಬಾರದ ದಿನ ತಾಯಿಯ ಕೂಲಿಯೂ ಹೋಗುತ್ತದೆ.

ಸಾಲದ ಸರದಿ ಇದಾದ ಮೇಲೆ. ಉದ್ಯೋಗ ವಿನಿಮಯ ಕೇಂದ್ರದ ಶರಣ್ಯ ಯೋಜನೆ ವಿಧವೆಯರು, ವಿಚ್ಛೇದಿತರು, ಪತಿ ತೊರೆದವರು, ಪರಿಶಿಷ್ಟ ಪಂಗಡದ ಅವಿವಾಹಿತ ತಾಯಂದಿರು, ಹಾಸಿಗೆ ಹಿಡಿದ ಪತಿಯುಳ್ಳವರು ಮೊದಲಾದವರಿಗಾಗಿ ಇದೆ. 50,000 ರೂ.ವರೆಗೆ ಬಡ್ಡಿಯಿಲ್ಲದ ಸಾಲ, ಅದರಲ್ಲಿ ಅರ್ಧ ಸಹಾಯಧನ. ಕೇಂದ್ರದಲ್ಲಿ ಹೆಸರು ನೋಂದಾಯಿಸಿರಬೇಕು, ಆದುದರಿಂದ ನೋಂದಣಿಯನ್ನು ಮುಂಚೆಯೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಶರಣ್ಯ ಮಹಿಳೆಯರಿಗೆ ಮಾತ್ರ. ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕುವ ಬಡ ತಂದೆಗೆ ಉಪಯೋಗವಾಗುವುದು ಸ್ನೇಹಪೂರ್ವಂ ವಿದ್ಯಾರ್ಥಿ ಸಹಾಯಧನ. ತಂದೆ ತಾಯಿಯರಲ್ಲಿ ಒಬ್ಬರು ತೀರಿಹೋಗಿದ್ದು, ಉಳಿದವರಿಗೆ ಸಾಕುವ ಶಕ್ತಿಯಿಲ್ಲದಿದ್ದರೆ ಮಗು ಓದುವ ಶಾಲೆಯ ಮುಖ್ಯಸ್ಥರ ಮೂಲಕ ಅರ್ಜಿ ಹಾಕಬೇಕು.

ಅರ್ಜಿ ನಮೂನೆ ಮಲಯಾಳದಲ್ಲಿದೆ ಎಂದು ಹಿಂಜರಿಯುವವರೂ ಇದ್ದಾರೆ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು.